ಆರು ದಿನವೋ, 450 ಕೋಟಿ ವರ್ಷವೋ? ತೀರ್ಮಾನಿಸಬೇಕಾದ ಕ್ರೈಸ್ತರಿಗೆ ಒಂದು ಹೋಲಿಕೆ

ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡ ಮಕ್ಕಳು, ಅವರ ತಂದೆತಾಯಿ, ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವವರು, ಇವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಎದುರಾಗುತ್ತಾರೆ: ಆದಿಕಾಂಡವನ್ನೂ ನಂಬಿ ವಿಕಾಸವಾದವನ್ನೂ ಒಪ್ಪಬಹುದೇ? ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುವುದು ಎರಡೇ ಉತ್ತರ. ವಿಕಾಸ ಒಪ್ಪಿದರೆ ನಂಬಿಕೆ ಹೋಯಿತು ಎನ್ನುವ ಬೋಧಕ ಒಬ್ಬ. ನಂಬಿಕೆ ಇಟ್ಟುಕೊಂಡರೆ ವಿಜ್ಞಾನ ಹೋಯಿತು ಎನ್ನುವ ನಾಸ್ತಿಕ ಇನ್ನೊಬ್ಬ. ಇಷ್ಟು ಜಗಳವಾಡುವ ಇಬ್ಬರೂ ಈ ಒಂದು ವಿಷಯದಲ್ಲಿ ಮಾತ್ರ ಒಂದೇ ಮಾತು ಆಡುವುದು ತಮಾಷೆ.

ಪ್ರಾಮಾಣಿಕವಾಗಿ ನಂಬುವ ಕ್ರೈಸ್ತರು ಹಿಡಿದಿರುವ ದಾರಿಗಳು ಕನಿಷ್ಠ ಐದಿವೆ. ಯಾವುದೂ ಪುಕ್ಕಟೆಯಲ್ಲ. ಒಂದು ವಚನದ ಕಡೆ ದುಡ್ಡು ಕೇಳುತ್ತದೆ, ಇನ್ನೊಂದು ಬಂಡೆಗಳ ಕಡೆ. ಎಲ್ಲಿ ತೆರಲು ನಿಮಗೆ ಸಾಧ್ಯ, ಎಲ್ಲಿ ಖಂಡಿತ ಸಾಧ್ಯವಿಲ್ಲ ಎಂಬುದು ಗೊತ್ತಾದರೆ ಆಯ್ಕೆ ಸುಲಭವಾಗುತ್ತದೆ. ನನ್ನ ಒಲವು ಯಾವ ಕಡೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ದಾರಿಯ ಸಾಲವನ್ನೂ ಹೇಳುತ್ತೇನೆ.

ಯಾವುದರಿಂದ ಅಳೆಯುವುದು

ಮೊದಲನೆಯದು ವಚನ. ಆದಿಕಾಂಡದ ಮೊದಲ ಮೂರು ಅಧ್ಯಾಯಗಳನ್ನು ಈ ದಾರಿ ಹೇಗೆ ಓದುತ್ತದೆ? ಆರು ದಿನ ದುಡಿ, ಏಳನೆಯ ದಿನ ವಿಶ್ರಮಿಸು ಎನ್ನುವ ವಿಮೋಚನಕಾಂಡ 20:9-11ಕ್ಕೆ ಏನು ಹೇಳುತ್ತದೆ? ಎರಡನೆಯದು ಸಾಕ್ಷ್ಯ, ಅಂದರೆ ಬಂಡೆ, ನಕ್ಷತ್ರ, ಪಳೆಯುಳಿಕೆ, ವರ್ಣತಂತು (ಕ್ರೋಮೋಸೋಮ್). ಮೂರನೆಯದು ಆದಾಮ ಮತ್ತು ಮರಣ. ಒಬ್ಬ ಮನುಷ್ಯನಿಂದ ಪಾಪವೂ ಪಾಪದಿಂದ ಮರಣವೂ ಬಂತು ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಹೇಳುತ್ತಾನೆ, ಕ್ರಿಸ್ತನ ರಕ್ಷಣೆಯನ್ನು ಅದಕ್ಕೆ ಸರಿಜೋಡಿಯಾಗಿ ನಿಲ್ಲಿಸುತ್ತಾನೆ. ನಿಜವಾದ ಕಗ್ಗಂಟು ಆರು ದಿನಗಳಲ್ಲಿಲ್ಲ, ಇಲ್ಲಿದೆ. ನಾಲ್ಕನೆಯದು ದೇವರ ಗುಣ: ಈ ದಾರಿಯಲ್ಲಿ ಕಾಣುವ ದೇವರು ಸತ್ಯವಂತನೋ, ದಯಾಳುವೋ? ಐದನೆಯದು ಸಭೆ. ಈ ನಿಲುವನ್ನು ಇಟ್ಟುಕೊಂಡು ನಿಮ್ಮ ಸಭೆಯಲ್ಲಿ ನೆಮ್ಮದಿಯಾಗಿ ಕೂರಬಹುದೇ?

“ಹೆಚ್ಚು ಅಕ್ಷರಶಃ ಓದಿದವನೇ ಹೆಚ್ಚು ಭಕ್ತ” ಎಂಬುದನ್ನು ನಾನು ಅಳತೆಗೋಲಾಗಿ ಇಟ್ಟಿಲ್ಲ. ಆದಿಕಾಂಡ 1:7ರಲ್ಲಿ ಆಕಾಶದ ಗುಮ್ಮಟದ ಮೇಲೆ ನೀರಿದೆ. ಅದನ್ನು ಅಕ್ಷರಶಃ ಹಿಡಿಯುವವರು ಈಗ ಹೆಚ್ಚು ಸಿಗಲಾರರು. ಭಾನುವಾರ ನಾವು ಹೇಳುವ ಅಪೊಸ್ತಲರ ವಿಶ್ವಾಸ ಪ್ರಮಾಣವಾಗಲಿ ನೈಸೀಯ ಪ್ರಮಾಣವಾಗಲಿ ದೇವರು ಭೂಪರಲೋಕಗಳ ಸೃಷ್ಟಿಕರ್ತ ಎನ್ನುತ್ತವೆ, ಎಷ್ಟು ದಿನ ಹಿಡಿಯಿತು ಎನ್ನುವುದಿಲ್ಲ.

ಎಳೆ ಭೂಮಿ

ಭೂಮಿಗೆ ಆರರಿಂದ ಹತ್ತು ಸಾವಿರ ವರ್ಷ, ದಿನವೆಂದರೆ 24 ಗಂಟೆ, ಪಳೆಯುಳಿಕೆಗಳಲ್ಲಿ ಬಹುಪಾಲು ನೋಹನ ಜಲಪ್ರಳಯದ ಕೆಸರಿನಲ್ಲಿ ಹೂತುಹೋದ ಜೀವಿಗಳು. ಆಸ್ಟ್ರೇಲಿಯಾದ ಕೆನ್ ಹ್ಯಾಮ್ ಕಟ್ಟಿದ ಸಂಸ್ಥೆ ಅಮೆರಿಕದ ಕೆಂಟಕಿಯಲ್ಲಿ 2007ರಲ್ಲಿ ಸೃಷ್ಟಿ ಮ್ಯೂಸಿಯಂ, 2016ರಲ್ಲಿ ನಾವೆಯ ಪೂರ್ಣ ಗಾತ್ರದ ಮಾದರಿ ತೆರೆದದ್ದು ಇದನ್ನು ತೋರಿಸಲಿಕ್ಕೇ.

ಇದನ್ನು ಕಂಡು ನಗುವವರು ಇದರ ಬಲವನ್ನು ಗಮನಿಸಿರುವುದಿಲ್ಲ. ಮೂರನೆಯ ಅಳತೆಯಲ್ಲಿ ಇದಕ್ಕೆ ಸಮನಾದದ್ದು ಬೇರೆ ಯಾವುದೂ ಇಲ್ಲ. ಮೊದಲು ಒಳ್ಳೆಯ ಲೋಕ, ಆಮೇಲೆ ಪಾಪ, ಆಮೇಲೆ ಮರಣ, ಕೊನೆಗೆ ರಕ್ಷಣೆ. ಕಥೆಗೆ ಎಲ್ಲೂ ತೇಪೆ ಬೇಕಿಲ್ಲ. ಸಬ್ಬತ್ ಆಜ್ಞೆಯೂ ಇದ್ದಂತೆಯೇ ನಿಲ್ಲುತ್ತದೆ. ಎಂಟು ವರ್ಷದ ಮಗುವಿಗೂ ಹೇಳಬಹುದು.

ವಚನದ ಮಟ್ಟಿಗೂ ಇದು ಪೂರಾ ನಿರಾಳವಲ್ಲ. ಮೊದಲ ಅಧ್ಯಾಯದಲ್ಲಿ ಗಿಡಮರ, ಪ್ರಾಣಿ, ಆಮೇಲೆ ಮನುಷ್ಯ; ಎರಡನೆಯದನ್ನು ಹಾಗೆಯೇ ಓದಿಕೊಂಡು ಹೋದರೆ ಮೊದಲು ಮನುಷ್ಯ, ಆಮೇಲೆ ಮರ, ಆಮೇಲೆ ಪ್ರಾಣಿ, ಕೊನೆಗೆ ಹೆಣ್ಣು. ಸೂರ್ಯ ಬರುವುದೇ ನಾಲ್ಕನೆಯ ದಿನ. ಹಾಗಾದರೆ ಮೊದಲ ಮೂರು ಸಾಯಂಕಾಲಗಳು ಯಾವುವು ಎಂದು ಮೂರನೆಯ ಶತಮಾನದಲ್ಲೇ ಕ್ರೈಸ್ತ ಪಂಡಿತ ಓರಿಜೆನ್ ಕೇಳಿದ್ದ. ಐದನೆಯ ಶತಮಾನದ ಆರಂಭದಲ್ಲಿ ಬಿಷಪ್ ಅಗಸ್ಟೀನ್ ಎಲ್ಲವೂ ಒಂದೇ ಕ್ಷಣದಲ್ಲಿ ಸೃಷ್ಟಿಯಾಯಿತು, ದಿನಗಳು ನಮ್ಮ ತಿಳಿವಳಿಕೆಗಾಗಿ ಮಾಡಿದ ಜೋಡಣೆ ಎಂದ. ಪ್ರಕೃತಿಯ ವಿಷಯದಲ್ಲಿ ಕ್ರೈಸ್ತರು ಅರಿವಿಲ್ಲದೆ ಮಾತಾಡಿ, ತಿಳಿದ ಅನ್ಯಮತೀಯರ ಮುಂದೆ ವಚನವನ್ನೇ ನಗೆಪಾಟಲು ಮಾಡಬಾರದು ಎಂದೂ ಎಚ್ಚರಿಸಿದ. ಇವರಿಬ್ಬರೂ ಡಾರ್ವಿನ್‌ಗೆ ಹೆದರಿ ಹೀಗೆಂದವರಲ್ಲ. ಡಾರ್ವಿನ್ ಹುಟ್ಟಲು ಇನ್ನೂ ಸಾವಿರದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲವಿತ್ತು.

ಕ್ರಿಸ್ತಪೂರ್ವ 4004 ಎಂಬ ಇಸವಿಯೂ ಬೈಬಲಿನಲ್ಲಿಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ವಂಶಾವಳಿಗಳನ್ನು ಕೂಡಿಸಿ ಪ್ರಕಟಿಸಿದ ಲೆಕ್ಕ ಅದು. ಪ್ರಳಯದಿಂದಲೇ ಬಂಡೆಗಳ ಪದರಗಳಾದವು ಎಂಬ ವಾದವನ್ನು 20ನೇ ಶತಮಾನದ ಮೊದಲ ಭಾಗದಲ್ಲಿ ಹರಡಿದವನು ಸೆವೆಂತ್‌ಡೇ ಅಡ್ವೆಂಟಿಸ್ಟ್ ಜಾರ್ಜ್ ಮೆಕ್‌ಕ್ರೆಡಿ ಪ್ರೈಸ್. ಬೇರೆ ಸಭೆಗಳೊಳಕ್ಕೆ ಅದು ದೊಡ್ಡದಾಗಿ ನುಗ್ಗಿದ್ದು 1961ರಲ್ಲಿ ವಿಟ್‌ಕಾಂಬ್ ಮತ್ತು ಮೋರಿಸ್ ಬರೆದ ಪುಸ್ತಕದ ನಂತರ. 1925ರಲ್ಲಿ ಅಮೆರಿಕದ ಡೇಟನ್ ಊರಿನಲ್ಲಿ, ವಿಕಾಸವಾದ ಕಲಿಸಿದ ಶಿಕ್ಷಕ ಸ್ಕೋಪ್ಸ್ ಮೇಲೆ ನಡೆದ ಮೊಕದ್ದಮೆಯಲ್ಲಿ ವಿಕಾಸವಾದದ ವಿರುದ್ಧ ನಿಂತ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಕೂಡ, ಆ ದಿನಗಳು 24 ಗಂಟೆಯವೇ ಆಗಬೇಕಿಲ್ಲ ಎಂದು ಕಟಕಟೆಯಲ್ಲಿ ಒಪ್ಪಿದ್ದ. ನಮ್ಮ ಅಜ್ಜಂದಿರ ನಂಬಿಕೆ ಎಂದು ನಾವು ತಿಳಿದಿರುವ ಈ ಪ್ರಳಯದ ಭೂವಿಜ್ಞಾನ ನಮ್ಮ ಅಪ್ಪಂದಿರ ಕಾಲದ್ದು.

ಇನ್ನು ಸಾಕ್ಷ್ಯ. ಬೆಂಗಳೂರಿನವರು ಲಾಲ್‌ಬಾಗಿನ ಬಂಡೆ ಹತ್ತಿದಾಗ ನಿಲ್ಲುವುದು ಸುಮಾರು 300 ಕೋಟಿ ವರ್ಷದ ನೈಸ್ ಶಿಲೆಯ ಮೇಲೆ. ಬಂಡೆಯೊಳಗಿನ ವಿಕಿರಣ ವಸ್ತು ಎಷ್ಟು ಕ್ಷಯಿಸಿದೆ ಎಂದು ಅಳೆದು ತೆಗೆದ ಈ ವಯಸ್ಸುಗಳು ತಪ್ಪಿರಬಹುದೇ ಎಂದು ನೋಡಲು ಎಳೆ ಭೂಮಿ ವಾದದ ಸಂಶೋಧಕರೇ 1997ರಿಂದ 2005ರವರೆಗೆ ಒಂದು ಯೋಜನೆ ನಡೆಸಿದರು. ಈಗಿನ ವೇಗದಲ್ಲಿ ಕೋಟಿಗಟ್ಟಲೆ ವರ್ಷ ಹಿಡಿಯುವಷ್ಟು ವಿಕಿರಣ ಕ್ಷಯ ನಡೆದೇ ಇದೆ ಎಂದು ಒಪ್ಪಿದರು. ಅದೆಲ್ಲ ಹಿಂದೊಮ್ಮೆ ಕೆಲವೇ ಕಾಲದಲ್ಲಿ ಭರದಿಂದ ನಡೆದುಹೋಯಿತು ಎಂದು ವಾದಿಸಿದರು. ಅಷ್ಟು ವೇಗದಲ್ಲಿ ನಡೆದಿದ್ದರೆ ಹುಟ್ಟುವ ಶಾಖ ಎಲ್ಲಿಗೆ ಹೋಯಿತು ಎಂಬುದು ಬಗೆಹರಿದಿಲ್ಲ ಎಂದು ತಾವೇ ಬರೆದರು. ಆ ಪ್ರಾಮಾಣಿಕತೆ ನನಗೆ ಮೆಚ್ಚುಗೆ, ಆದರೆ ಆ ಶಾಖಕ್ಕೆ ಭೂಮಿಯೇ ಕರಗಬೇಕಿತ್ತು.

ನಾಲ್ಕನೆಯ ಅಳತೆಯಲ್ಲಿ ಇದಕ್ಕಿಂತ ದೊಡ್ಡ ಪೆಟ್ಟಿದೆ. 1987ರ ಫೆಬ್ರುವರಿಯಲ್ಲಿ ಒಂದು ನಕ್ಷತ್ರ ಸಿಡಿದದ್ದು ಕಂಡಿತು. ಅದು ಇರುವುದು ಸುಮಾರು 1,68,000 ಬೆಳಕಿನ ವರ್ಷ ದೂರದಲ್ಲಿ. ವಿಶ್ವಕ್ಕೆ ಆರೇ ಸಾವಿರ ವರ್ಷವಾದರೆ, ಆ ಬೆಳಕನ್ನು ದೇವರು ದಾರಿಯ ಮಧ್ಯದಲ್ಲೇ ಇಟ್ಟು ಕಳಿಸಿರಬೇಕು. ಆಗ ನಾವು ಕಂಡದ್ದು ಎಂದೂ ನಡೆಯದ ಸ್ಫೋಟದ ಚಿತ್ರ. ಸುಳ್ಳಾಡಲಾರದ ದೇವರನ್ನು ಕಾಪಾಡಲು ಹೊರಟ ವಾದ ಇಲ್ಲಿ ಬಂದು ನಿಲ್ಲುವುದು ನನಗೆ ಒಗ್ಗುವುದಿಲ್ಲ. ಬೆಳಕಿಗೆ ಬೇರೆ ವಿವರಣೆ ಕೊಡಲು ಈ ಪಕ್ಷದವರು ಯತ್ನಿಸಿದ್ದಾರೆ, ಆದರೆ ಅವರೊಳಗೇ ಒಮ್ಮತವಿಲ್ಲ.

ಹಳೆ ಭೂಮಿ, ಬೇರೆಬೇರೆ ಸೃಷ್ಟಿ

ಭೂಮಿ 454 ಕೋಟಿ ವರ್ಷ ಹಳೆಯದು, ಆದರೆ ಒಂದು ಜೀವಿ ಇನ್ನೊಂದಾಗಿ ಬದಲಾಗಲಿಲ್ಲ. ದೇವರು ಕಾಲಕಾಲಕ್ಕೆ ಹೊಸ ಜೀವಿಗಳನ್ನು ಉಂಟುಮಾಡಿದ ಎನ್ನುವ ದಾರಿ ಇದು. ಖಗೋಳ ವಿಜ್ಞಾನಿ ಹ್ಯೂ ರಾಸ್ ಈಗಿನ ಮುಖ್ಯ ವಕ್ತಾರ. ಕರ್ತನಿಗೆ ಒಂದು ದಿನ ಸಾವಿರ ವರ್ಷದಂತೆ ಎನ್ನುವ 2 ಪೇತ್ರ 3:8 ಇವರ ಮೆಚ್ಚಿನ ವಚನ, ಪ್ರತಿ ದಿನವೂ ಒಂದು ಯುಗ. ಆದಿಕಾಂಡದ ಮೊದಲ ಎರಡು ವಚನಗಳ ನಡುವೆ ಕೋಟ್ಯಂತರ ವರ್ಷದ ಬಿಡುವಿತ್ತು ಎನ್ನುವವರೂ ಇದ್ದರು. 1909ರ ಸ್ಕೋಫೀಲ್ಡ್ ಬೈಬಲಿನ ಟಿಪ್ಪಣಿಗಳಿಂದ ಆ ವಾದ ಹರಡಿತು.

ಮಧ್ಯದ ದಾರಿ ಎಂದು ಇಲ್ಲಿ ಬರುವವರು ಬಹಳ. ನನಗೆ ಮಾತ್ರ ಇದು ಎರಡೂ ಕಡೆ ದಂಡ ಕಟ್ಟುವ ದಾರಿ ಎನಿಸುತ್ತದೆ. ಡೈನೋಸಾರ್‌ಗಳು 6.6 ಕೋಟಿ ವರ್ಷದ ಹಿಂದೆ ಅಳಿದವು ಎಂದು ಒಪ್ಪಿದ ಮೇಲೆ ಆದಾಮನಿಗೆ ಮೊದಲೇ ಪ್ರಾಣಿಗಳ ಮರಣವನ್ನೂ ಒಪ್ಪಿದಂತಾಯಿತು, ಮೂರನೆಯ ಅಳತೆಯಲ್ಲಿ ಎಳೆ ಭೂಮಿಯವರಿಗಿದ್ದ ಅನುಕೂಲ ಹೋಯಿತು. ದಿನವನ್ನು ಯುಗ ಮಾಡಿದರೂ ಕ್ರಮ ಹೊಂದುವುದಿಲ್ಲ: ಆದಿಕಾಂಡದಲ್ಲಿ ಹಣ್ಣಿನ ಮರಗಳು ಮೂರನೆಯ ದಿನ, ಮೀನು ಹಕ್ಕಿಗಳು ಐದನೆಯ ದಿನ, ನೆಲದ ಮೃಗಗಳು ಆರನೆಯ ದಿನ. ಬಂಡೆಗಳಲ್ಲಿ ಮೀನು ಮೊದಲು, ನೆಲದ ಪ್ರಾಣಿ ಆಮೇಲೆ, ಹಕ್ಕಿಗಳೂ ಹೂಬಿಡುವ ಮರಗಳೂ ಬಹಳ ತಡವಾಗಿ. ವರ್ಣತಂತುಗಳ ಸಾಕ್ಷ್ಯವಂತೂ ಹಾಗೆಯೇ ಉಳಿಯುತ್ತದೆ, ಅದಕ್ಕೆ ಮುಂದೆ ಬರುತ್ತೇನೆ.

ಒಂದು ಅನುಕೂಲ ನಿಜ. ಬೇರೆ ಜೀವಿಯಿಂದ ಹುಟ್ಟದೆ ದೇವರ ಕೈಯಿಂದ ನೇರವಾಗಿ ಬಂದ ಒಬ್ಬ ಆದಾಮ ಉಳಿಯುತ್ತಾನೆ. ಅದು ಬೇಕೇಬೇಕು, ಆದರೆ ಭೂವಿಜ್ಞಾನದೊಡನೆ ಜಗಳ ಬೇಡ ಎನ್ನುವವರಿಗೆ ಇದು ನಡೆಯುತ್ತದೆ.

ಇಂಟೆಲಿಜೆಂಟ್ ಡಿಸೈನ್

ಇದನ್ನು ಮೂರನೆಯ ಆಯ್ಕೆಯಾಗಿ ಎಣಿಸುವುದೇ ಸ್ವಲ್ಪ ತಪ್ಪು, ಏಕೆಂದರೆ ಇದು ಆದಿಕಾಂಡದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೆಲವು ಜೈವಿಕ ಯಂತ್ರಗಳು, ಉದಾಹರಣೆಗೆ ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲ, ಹಂತಹಂತವಾಗಿ ಆಗಿರಲಾರವು, ಹಿಂದೆ ಒಬ್ಬ ವಿನ್ಯಾಸಕಾರ ಇರಬೇಕು ಎಂಬುದಷ್ಟೇ ವಾದ. ಇದರ ಮುಖ್ಯ ಜೀವರಸಾಯನ ತಜ್ಞ ಮೈಕೇಲ್ ಬೀಹಿ ಹಳೆ ಭೂಮಿಯನ್ನೂ, ಮನುಷ್ಯ ಮತ್ತು ವಾನರರಿಗೆ ಒಂದೇ ಮೂಲ ಇರುವುದನ್ನೂ ಒಪ್ಪುತ್ತಾರೆ ಎಂಬುದು ಅವರ ವಿಡಿಯೊ ಹಂಚುವವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. 2005ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಶಾಲಾ ಮೊಕದ್ದಮೆಯಲ್ಲಿ ನ್ಯಾಯಾಧೀಶ ಜಾನ್ ಜೋನ್ಸ್ ಇದು ವಿಜ್ಞಾನವಲ್ಲ ಎಂದು ತೀರ್ಪು ಕೊಟ್ಟರು. ಆ ಬಾಲದ ಬುಡದ ಭಾಗವನ್ನು ಹೋಲುವ ಚಿಕ್ಕ ಯಂತ್ರ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಬೇರೆ ಕೆಲಸ ಮಾಡುತ್ತಿರುವುದೂ ಅಲ್ಲಿ ಚರ್ಚೆಗೆ ಬಂತು. ವಿಜ್ಞಾನಕ್ಕೆ ಇನ್ನೂ ತಿಳಿಯದ ಜಾಗದಲ್ಲಿ ದೇವರನ್ನು ಕೂರಿಸಿದರೆ, ತಿಳಿದ ದಿನ ಅವನನ್ನು ಎಬ್ಬಿಸಬೇಕಾಗುತ್ತದೆ.

ವಿಕಾಸದ ಮೂಲಕ ಸೃಷ್ಟಿ

ನನ್ನ ದಾರಿ ಇದು, ಆದ್ದರಿಂದ ಹೆಚ್ಚು ಅನುಮಾನದಿಂದ ಓದಿ. ದೇವರೇ ಸೃಷ್ಟಿಕರ್ತ, ವಿಕಾಸ ಅವನು ಸೃಷ್ಟಿಸಿದ ರೀತಿ. ಮಳೆ ದೇವರು ಕೊಡುತ್ತಾನೆ ಎನ್ನುವವರು ಆವಿ, ಮೋಡ, ಮಾರುತಗಳನ್ನು ಅಲ್ಲಗಳೆಯುವುದಿಲ್ಲ. ಆದಿಕಾಂಡದಲ್ಲೂ ಭೂಮಿಯೇ ಜೀವಜಂತುಗಳನ್ನು ಹೊರತರಲಿ ಎಂಬ ಅಪ್ಪಣೆ ಇದೆ.

ಡಾರ್ವಿನ್‌ನ ಪುಸ್ತಕ 1859ರಲ್ಲಿ ಬಂದಾಗ ಅಮೆರಿಕದಲ್ಲಿ ಅದರ ಪರ ನಿಂತ ಹಾರ್ವರ್ಡ್‌ನ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಪ್ರೆಸ್ಬಿಟೇರಿಯನ್ ಭಕ್ತ. 20ನೇ ಶತಮಾನದಲ್ಲಿ ವಿಕಾಸವಾದವನ್ನೂ ಅನುವಂಶೀಯತೆಯನ್ನೂ ಬೆಸೆದವರಲ್ಲಿ ಒಬ್ಬರಾದ ಡಾಬ್‌ಜಾನ್‌ಸ್ಕಿ ಆರ್ಥೊಡಾಕ್ಸ್ ಕ್ರೈಸ್ತ. ಮಾನವ ಜೀನೋಮ್ ಯೋಜನೆಯ ನೇತೃತ್ವ ವಹಿಸಿದ ಫ್ರಾನ್ಸಿಸ್ ಕಾಲಿನ್ಸ್ ಇವಾಂಜೆಲಿಕಲ್.

ಸಾಕ್ಷ್ಯದಲ್ಲಿ ಈ ದಾರಿ ಉಳಿದೆಲ್ಲಕ್ಕಿಂತ ಗಟ್ಟಿ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 48 ವರ್ಣತಂತು, ನಮಗೆ 46. ನಮ್ಮ ಎರಡನೆಯ ವರ್ಣತಂತುವಿನ ಮಧ್ಯದಲ್ಲಿ, ಸಾಮಾನ್ಯವಾಗಿ ತುದಿಗಳಲ್ಲಿ ಇರಬೇಕಾದ ಗುರುತು ಸಿಗುತ್ತದೆ: ಎರಡು ತಂತುಗಳು ತುದಿಗೆ ತುದಿ ಅಂಟಿಕೊಂಡ ಜಾಗ ಅದು. ವಿಟಮಿನ್ ಸಿ ತಯಾರಿಸುವ ಜೀನ್ ನಮ್ಮಲ್ಲಿ ಕೆಟ್ಟುಹೋಗಿದೆ. ಮಂಗ, ಚಿಂಪಾಂಜಿಗಳಲ್ಲೂ ಕೆಟ್ಟಿದೆ. ಗಿನಿಪಿಗ್‌ನಲ್ಲೂ ಕೆಟ್ಟಿದೆ, ಆದರೆ ಬೇರೆ ಬಗೆಯಲ್ಲಿ. ಒಬ್ಬನೇ ವಿನ್ಯಾಸಕಾರ ಒಂದೇ ಬಗೆಯ ಒಳ್ಳೆಯ ಭಾಗಗಳನ್ನು ಮತ್ತೆ ಮತ್ತೆ ಬಳಸಿದ ಎಂದು ಹೇಳಬಹುದು. ಇಬ್ಬರು ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಒಂದೇ ತಪ್ಪು ಒಂದೇ ಸಾಲಿನಲ್ಲಿ ಇದ್ದರೆ ಮೇಷ್ಟ್ರು ಏನೆನ್ನುತ್ತಾರೆ?

ಈಗ ಸಾಲ. ಇಂದಿನ ಮನುಷ್ಯರ ಜೀನ್ ವೈವಿಧ್ಯವನ್ನು ನೋಡಿದರೆ, ಕಳೆದ ಕೆಲವು ಸಾವಿರ ವರ್ಷಗಳಲ್ಲಿ ನಮ್ಮ ಸಂತತಿ ಇಬ್ಬರೇ ವ್ಯಕ್ತಿಗಳಿಂದ ಶುರುವಾಗಿರುವುದು ಸಾಧ್ಯವಿಲ್ಲ. ಹಾಗಾದರೆ ಆದಾಮ ಯಾರು? ಇದಕ್ಕೆ ಮೂರು ಉತ್ತರ ಕೇಳಿಬರುತ್ತವೆ. ಆಗಲೇ ಇದ್ದ ಜನರೊಳಗಿಂದ ದೇವರು ಕರೆದು, ತನ್ನ ಸ್ವರೂಪ ಕೊಟ್ಟು, ಎಲ್ಲರ ಪ್ರತಿನಿಧಿಯಾಗಿ ನಿಲ್ಲಿಸಿದ ಒಬ್ಬ ನಿಜವಾದ ಮನುಷ್ಯ ಎಂಬುದು ಒಂದು. ಆಂಗ್ಲಿಕನ್ ಬೋಧಕ ಜಾನ್ ಸ್ಟಾಟ್ ಹೀಗೆ ಯೋಚಿಸಿದ್ದರು. 2019ರಲ್ಲಿ ಜಾಶುವಾ ಸ್ವಾಮಿದಾಸ್ ಎಂಬ ಅಮೆರಿಕದ ವಿಜ್ಞಾನಿ ಮಂಡಿಸಿದ್ದು ಇನ್ನೊಂದು: ಏದೆನಿನಲ್ಲಿ ದೇವರು ನೇರವಾಗಿ ನಿರ್ಮಿಸಿದ ದಂಪತಿಯ ಮಕ್ಕಳು ಹೊರಗಿನ ಜನರೊಡನೆ ಬೆರೆತಿದ್ದರೆ, ಕೆಲವೇ ಸಾವಿರ ವರ್ಷಗಳಲ್ಲಿ ಆ ದಂಪತಿ ಎಲ್ಲರ ವಂಶವೃಕ್ಷದಲ್ಲೂ ಬರುತ್ತಾರೆ, ಅದನ್ನು ಜೀನ್ ಪರೀಕ್ಷೆ ಅಲ್ಲಗಳೆಯಲಾರದು. ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು, ಅವನು ಕಟ್ಟಿದ ಊರಿನಲ್ಲಿ ಇದ್ದವರು ಯಾರು ಎಂಬ ಹಳೆಯ ಸಂಡೇ ಸ್ಕೂಲ್ ಪ್ರಶ್ನೆಗೂ ಇದರಲ್ಲಿ ಉತ್ತರವಿದೆ! ಆದಾಮ ಎಂದರೆ ಮನುಷ್ಯಕುಲದ ಕಥಾರೂಪ ಎಂಬುದು ಮೂರನೆಯದು. ಕೊನೆಯದು ವಿಜ್ಞಾನಕ್ಕೆ ಅತಿ ಸುಲಭ, ಪೌಲನಿಗೆ ಅತಿ ಕಷ್ಟ. ನಾನು ಮೊದಲನೆಯದರ ಹತ್ತಿರ ಇದ್ದೇನೆ, ಆದರೆ ರೋಮಾ 5 ಅದರಿಂದ ಪೂರ್ತಿ ಸಮಾಧಾನಗೊಂಡಿದೆ ಎಂದು ಹೇಳಲಾರೆ.

ಇನ್ನೊಂದು ಸಾಲ ದೇವರ ಗುಣದ್ದು. 1860ರಲ್ಲಿ ಡಾರ್ವಿನ್ ಇದೇ ಗ್ರೇಗೆ ಪತ್ರ ಬರೆದು, ಜೀವಂತ ಕಂಬಳಿಹುಳುವಿನ ಒಳಗೆ ಮರಿಗಳು ತಿಂದು ಬೆಳೆಯುವಂಥ ಕಣಜವನ್ನು ದಯಾಮಯನಾದ ದೇವರು ಬೇಕೆಂದೇ ಸೃಷ್ಟಿಸಿದ ಎಂದು ತನಗೆ ನಂಬಲಾಗುತ್ತಿಲ್ಲ ಎಂದ. ಎಳೆ ಭೂಮಿಯವರು ಇದನ್ನು ಆದಾಮನ ಪಾಪದ ಲೆಕ್ಕಕ್ಕೆ ಬರೆಯುತ್ತಾರೆ. ನಮಗೆ ಆ ಅನುಕೂಲವಿಲ್ಲ. ನಮಗಿರುವುದು ಕೀರ್ತನೆ 104:21: ಸಿಂಹದ ಮರಿಗಳು ಬೇಟೆಗಾಗಿ ಗರ್ಜಿಸಿ ದೇವರಿಂದ ಆಹಾರ ಕೇಳುತ್ತವೆ. ಯೋಬನ 38, 39ನೇ ಅಧ್ಯಾಯಗಳಲ್ಲೂ ದೇವರು ಸಿಂಹ, ಹದ್ದುಗಳ ಬೇಟೆಯ ಬಗ್ಗೆ ಮಾತಾಡುವಾಗ ಕ್ಷಮಾಪಣೆಯ ದನಿ ಇಲ್ಲ. ಕಣಜದ ಪ್ರಶ್ನೆ ಇದರಿಂದ ತೀರಲಿಲ್ಲ. ಆದರೆ ಬೇಟೆಯ ಪ್ರಾಣಿಗಳಿರುವ ಲೋಕವನ್ನು ತನ್ನದೇ ಎಂದು ದೇವರು ಹೇಳಿಕೊಳ್ಳುವುದು ವಚನದಲ್ಲೇ ಇದೆ.

ಬೇರೆ ಬೇರೆ ಕೋಣೆ

ಧರ್ಮ ಮೌಲ್ಯಗಳ ಕ್ಷೇತ್ರ, ವಿಜ್ಞಾನ ವಾಸ್ತವಗಳ ಕ್ಷೇತ್ರ, ಒಂದರ ಕೋಣೆಗೆ ಇನ್ನೊಂದು ಹೋಗಬಾರದು ಎಂದು ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ 1997ರಲ್ಲಿ ಬರೆದರು. ಮನೆಯಲ್ಲಿ ಜಗಳ ನಿಲ್ಲಿಸಲು ಒಳ್ಳೆಯ ಉಪಾಯ. ಆದರೆ ಮೂರನೆಯ ದಿನ ಸಮಾಧಿ ಬರಿದಾಗಿತ್ತು ಎನ್ನುವುದು ವಾಸ್ತವದ ಬಗೆಗಿನ ಮಾತು, ಆದ್ದರಿಂದ ಕ್ರೈಸ್ತರು ಇದರಲ್ಲಿ ಬಹಳ ದಿನ ಇರಲಾರರು.

ನಿಮ್ಮ ಸಭೆ, ನಿಮ್ಮ ಪರಿಸ್ಥಿತಿ

ಕ್ಯಾಥೊಲಿಕರಿಗೆ ಅರ್ಧ ತೀರ್ಮಾನ ಆಗಿಬಿಟ್ಟಿದೆ. 1950ರಲ್ಲಿ ಪೋಪ್ 12ನೇ ಪಿಯೂಸ್ ದೇಹದ ವಿಕಾಸವನ್ನು ಅಧ್ಯಯನ ಮಾಡಬಹುದು, ಆತ್ಮವನ್ನು ಮಾತ್ರ ದೇವರು ನೇರವಾಗಿ ಸೃಷ್ಟಿಸುತ್ತಾನೆ ಎಂದರು. ಅನೇಕ ಆದಿಪುರುಷರ ಕಲ್ಪನೆಗೆ ಮಾತ್ರ ಬಾಗಿಲು ತೆರೆಯಲಿಲ್ಲ. 1996ರಲ್ಲಿ ಎರಡನೆಯ ಜಾನ್ ಪಾಲ್ ವಿಕಾಸ ಬರೀ ಊಹೆಗಿಂತ ಹೆಚ್ಚಿನದು ಎಂದರು. 2014ರಲ್ಲಿ ಪೋಪ್ ಫ್ರಾನ್ಸಿಸ್, ದೇವರು ಮಂತ್ರದಂಡ ಹಿಡಿದ ಜಾದೂಗಾರನಲ್ಲ ಎಂದರು. ಮಂಗಳೂರಿನ ಕ್ಯಾಥೊಲಿಕ್ ಹುಡುಗಿಗೆ ವಿಕಾಸ ಓದುವುದಕ್ಕೆ ಫಾದರ್ ಅಡ್ಡ ಬರಬೇಕಾದ ಕಾರಣವಿಲ್ಲ.

ಅಡ್ವೆಂಟಿಸ್ಟರಿಗೆ ಇದರ ವಿರುದ್ಧ. ಅವರ ಜಾಗತಿಕ ಸಭೆ 2015ರಲ್ಲಿ ತನ್ನ ವಿಶ್ವಾಸದ ಹೇಳಿಕೆಯನ್ನು ತಿದ್ದಿ, ಇತ್ತೀಚಿನ, ಅಕ್ಷರಶಃ ಆರು ದಿನಗಳ ಸೃಷ್ಟಿ ಎಂದು ಬಿಗಿಗೊಳಿಸಿತು. ಅಲ್ಲಿದ್ದು ವಿಕಾಸ ಒಪ್ಪುವವರು ಐದನೆಯ ಅಳತೆಯಲ್ಲಿ ದೊಡ್ಡ ಬೆಲೆ ತೆರಬೇಕು, ಅದನ್ನು ತಿಳಿದೇ ಹೆಜ್ಜೆ ಇಡಿ. ಉಳಿದ ಪ್ರಾಟೆಸ್ಟಂಟ್ ಸಭೆಗಳಲ್ಲಿ ಬಹಳಷ್ಟು ನಿಮ್ಮ ಪಾಸ್ಟರ್ ಯಾರು ಎಂಬುದರ ಮೇಲೆ ಹೋಗುತ್ತದೆ.

ನೀಟ್ ಬರೆಯುವವರಿಗೆ ಒಂದು ಮಾತು: ಪರೀಕ್ಷೆ ಕೇಳುವುದು ತಿಳಿದಿದೆಯೇ ಎಂದು, ನಂಬುತ್ತೀಯಾ ಎಂದಲ್ಲ. ಎಳೆ ಭೂಮಿಯನ್ನು ನಂಬುವವರೂ ನೈಸರ್ಗಿಕ ಆಯ್ಕೆಯನ್ನು ಚೆನ್ನಾಗಿ ಕಲಿಯಬಹುದು. ಮುಂದೆ ಜೀವಶಾಸ್ತ್ರದಲ್ಲೇ ಸಂಶೋಧನೆಗೆ ಹೋಗುವವರಿಗೆ ಮಾತ್ರ ಮೊದಲ ಎರಡು ದಾರಿಗಳು ದಿನನಿತ್ಯದ ಜಗಳ ತರುತ್ತವೆ. ಸಂಡೇ ಸ್ಕೂಲಿನಲ್ಲಿ ನೀವು ಯಾವ ದಾರಿಯನ್ನಾದರೂ ಕಲಿಸಿ, “ವಿಕಾಸ ನಿಜವಾದರೆ ಬೈಬಲ್ ಸುಳ್ಳು” ಎಂಬ ವಾಕ್ಯವನ್ನು ಮಾತ್ರ ಕಲಿಸಬೇಡಿ. ಆ ಮಗು ಕಾಲೇಜಿನಲ್ಲಿ ಮೊದಲರ್ಧವನ್ನು ಒಪ್ಪಿದ ದಿನ ಎರಡನೆಯರ್ಧ ನಿಮ್ಮ ದನಿಯಲ್ಲೇ ಅದಕ್ಕೆ ಕೇಳಿಸುತ್ತದೆ.

ಯಾವ ಪಕ್ಷದಲ್ಲಿದ್ದರೂ ಕೆಲವು ವಾಟ್ಸ್ಯಾಪ್ ಫಾರ್ವರ್ಡ್‌ಗಳನ್ನು ಅಳಿಸಿಬಿಡಿ. ಡಾರ್ವಿನ್ ಸಾಯುವಾಗ ಪಶ್ಚಾತ್ತಾಪಪಟ್ಟು ಕ್ರಿಸ್ತನ ಕಡೆ ತಿರುಗಿದ ಎಂಬ ಕಥೆ ಅಚ್ಚಾದದ್ದು ಅವನು ಸತ್ತು 33 ವರ್ಷವಾದ ಮೇಲೆ, 1915ರಲ್ಲಿ. ಅವನ ಮಗಳು ಹೆನ್ರಿಯೆಟ್ಟಾ ಅದನ್ನು ಸಾರಾಸಗಟಾಗಿ ನಿರಾಕರಿಸಿದಳು, ಎಳೆ ಭೂಮಿ ಸಂಸ್ಥೆಗಳೇ ಅದನ್ನು ಬಳಸಬೇಡಿ ಎನ್ನುತ್ತವೆ. ಮಧ್ಯಯುಗದ ಕ್ರೈಸ್ತ ಪಂಡಿತರು ಭೂಮಿ ಚಪ್ಪಟೆ ಎಂದು ನಂಬಿದ್ದರು ಎಂಬ ಆ ಕಡೆಯ ಫಾರ್ವರ್ಡ್ ಕೂಡ ಅಷ್ಟೇ ಪೊಳ್ಳು.

ಇನ್ನೂ ತೂಗುಯ್ಯಾಲೆಯಲ್ಲಿರುವವರು ಆದಿಕಾಂಡ 1ರಿಂದ ಶುರು ಮಾಡಬೇಡಿ, ಅಲ್ಲಿ ದಿನಗಳ ಚರ್ಚೆಯಲ್ಲೇ ವರ್ಷ ಕಳೆಯುತ್ತದೆ. ಮೊದಲು ರೋಮಾ 5, ಆಮೇಲೆ 1 ಕೊರಿಂಥ 15 ಓದಿ, ಪೌಲನ ಮಾತು ನಿಲ್ಲಲು ನಿಮ್ಮ ಲೆಕ್ಕದಲ್ಲಿ ಎಂಥ ಆದಾಮ ಬೇಕು ಎಂದು ಒಂದು ಸಾಲು ಬರೆದಿಡಿ. ತಂದೆತಾಯಿಯಿಲ್ಲದ ಮೊದಲ ಮನುಷ್ಯನೂ, ಅವನಿಗೆ ಮೊದಲು ಒಂದು ಇಲಿಯೂ ಸಾಯದ ಲೋಕವೂ ಬೇಕೆಂದಾದರೆ ಎಳೆ ಭೂಮಿ ಬಿಟ್ಟು ಬೇರೆ ಜಾಗವಿಲ್ಲ. ಅಂಥ ಮನುಷ್ಯ ಬೇಕು, ಪ್ರಾಣಿಗಳ ಮರಣ ಅಡ್ಡಿಯಿಲ್ಲ ಎಂದಾದರೆ ಹಳೆ ಭೂಮಿಯನ್ನೂ ಸ್ವಾಮಿದಾಸರ ವಾದವನ್ನೂ ಒಟ್ಟಿಗಿಟ್ಟು ನೋಡಿ. ದೇವರು ಕರೆದ, ದೇವರಿಗೆ ಅವಿಧೇಯನಾದ ಒಬ್ಬ ನಿಜವಾದ ವ್ಯಕ್ತಿ ಸಾಕು ಎಂದಾದರೆ ನನ್ನ ಪಕ್ಕದ ಬೆಂಚಿನಲ್ಲಿ ಜಾಗವಿದೆ.